ರೂಟರ್ ಜೋಡಿಸಿದವರು ಹೊರಟ ಮೇಲೆ ಅರ್ಧ ಗಂಟೆ ಕೂರಿ

ಫೈಬರ್ ಎಳೆಯಲು ಬರುವ ಹುಡುಗರ ಕೈಚಳಕ ನೋಡುವುದೇ ಚೆಂದ. ಕಂಬದಿಂದ ಕೇಬಲ್ ತಂದು, ಕಿಟಕಿಯ ಮೂಲೆಯಲ್ಲಿ ತೂತು ಕೊರೆದು, ಕೂದಲೆಳೆಯಂಥ ಗಾಜಿನ ತಂತುವನ್ನು ಬೆಸೆದು, ನೋಡನೋಡುತ್ತಲೇ ಮನೆಗೆ ಇಂಟರ್‌ನೆಟ್ ತಂದುಕೊಡುತ್ತಾರೆ. ಹೊರಡುವಾಗ ಒಂದು ಪ್ರಶ್ನೆ: ‘ಪಾಸ್‌ವರ್ಡ್ ಏನಿಡಲಿ ಮೇಡಂ, ನಿಮ್ಮ ಮೊಬೈಲ್ ನಂಬರನ್ನೇ ಇಡಲೇ?’ ಮರೆತುಹೋಗುವ ಭಯವಿಲ್ಲವೆಂದು ನಾವು ಒಪ್ಪಿಬಿಡುತ್ತೇವೆ. ಸಾಗರದ ಬಳಿಯ ನನ್ನ ತವರುಮನೆಯಲ್ಲಿ ನಾನೂ ಒಪ್ಪಿದ್ದೆ. ಎರಡು ವರ್ಷದ ನಂತರ ರೂಟರಿನ ಒಳಹೊಕ್ಕು ನೋಡಿದಾಗ, ಮನೆಯವರು ಯಾರದ್ದೂ ಅಲ್ಲದ ಮೂರು ಮೊಬೈಲ್‌ಗಳು ಪಟ್ಟಿಯಲ್ಲಿದ್ದವು.

ಹಾಲಿನವರಿಂದ ಹಿಡಿದು ಗ್ಯಾಸ್ ಏಜೆನ್ಸಿಯವರೆಗೆ ನಮ್ಮ ಮೊಬೈಲ್ ನಂಬರ್ ಯಾರ ಬಳಿ ಇಲ್ಲ? ಗೊತ್ತಿಲ್ಲದವರಿಗೂ ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಲ್ಲಿಗೆ ಒಟ್ಟು ಸಾಧ್ಯತೆ 400 ಕೋಟಿ. ಇಷ್ಟನ್ನೂ ನಿಮ್ಮ ಮನೆ ಮುಂದೆ ನಿಂತು ಒಂದೊಂದಾಗಿ ಒತ್ತಿ ನೋಡಬೇಕಿಲ್ಲ. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನ ಬಳಸುವ ರೂಟರಿಗೆ ಮೊಬೈಲ್ ಸೇರಿಕೊಳ್ಳುವಾಗ ಎರಡರ ನಡುವೆ ನಡೆಯುವ ಸಂಭಾಷಣೆಯನ್ನು ಒಮ್ಮೆ ಹಿಡಿದುಕೊಂಡರೆ ಸಾಕು, ಉಳಿದ ಊಹೆಯನ್ನು ಕಳ್ಳ ತನ್ನ ಮನೆಯಲ್ಲೇ ಕುಳಿತು ಮಾಡಬಹುದು. ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆ ಮಾಡಬಲ್ಲದು. ಹತ್ತು ಲಕ್ಷವೆಂದೇ ಲೆಕ್ಕ ಹಿಡಿದರೂ ಒಂದು ಗಂಟೆ ಏಳು ನಿಮಿಷಕ್ಕೆ 400 ಕೋಟಿಯೂ ಮುಗಿಯುತ್ತದೆ.

‘ಪಕ್ಕದ ಮನೆಯವರು ನಾಲ್ಕು ವಿಡಿಯೊ ನೋಡಿದರೆ ನಮ್ಮದೇನು ಹೋಯಿತು’ ಎನ್ನುವ ಉದಾರಿಗಳಿದ್ದಾರೆ. ಅವರಿಗೆ 2008ರ ಜುಲೈ ತಿಂಗಳನ್ನು ನೆನಪಿಸುತ್ತೇನೆ. ಅಹಮದಾಬಾದ್ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಭಯೋತ್ಪಾದಕರು ಕಳುಹಿಸಿದ ಇ–ಮೇಲ್ ಹೊರಟದ್ದು ನವಿ ಮುಂಬೈನ ಮನೆಯೊಂದರ ವೈಫೈನಿಂದ. ತನಿಖೆಯವರು ಮೊದಲು ಹೋಗಿ ನಿಂತದ್ದು ಆ ಮನೆಯ ಬಾಗಿಲಿಗೇ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಮೊದಲ ಪ್ರಶ್ನೆ ಅವರಿಗೆ.

ಹಾಗಾಗಿ, ಹುಡುಗರು ಹೊರಟ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.

ಎಲ್ಲಿಡಬೇಕು?

ಇದನ್ನು ಮಾತ್ರ ಅವರು ಇರುವಾಗಲೇ ತೀರ್ಮಾನಿಸಬೇಕು. ಕೇಬಲ್ ಎಳೆದಾದ ಮೇಲೆ ಜಾಗ ಬದಲಿಸುವುದು ಕಷ್ಟ. ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಿಸಿ. ಕಬ್ಬಿಣದ ಬೀರು, ಮೀನಿನ ತೊಟ್ಟಿ, ಮೈಕ್ರೊವೇವ್ ಒಲೆಗಳಿಂದ ದೂರವಿರಲಿ. ನಮ್ಮೂರಿನಂತೆ ದಪ್ಪ ಮಣ್ಣಿನ ಗೋಡೆಯ ಅಥವಾ ಕರಾವಳಿಯ ಕೆಂಪುಕಲ್ಲಿನ ಮನೆಯಾದರೆ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಅಂಥಲ್ಲಿ ವೈಫೈನ ಎರಡು ಬಗೆಯ ಅಲೆಗಳಲ್ಲಿ 2.4 ಗಿಗಾಹರ್ಟ್ಸ್ ಅಲೆ ಹೆಚ್ಚು ದೂರ ಹೋಗುತ್ತದೆ; 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. ಫೈಬರ್ ಕೇಬಲನ್ನು ಬಿಗಿಯಾಗಿ ಮಡಚಬೇಡಿ, ಒಳಗಿರುವುದು ಗಾಜು. ಮಳೆಗಾಲದ ಗುಡುಗು ಸಿಡಿಲು ಆರಂಭವಾಗುವ ಮೊದಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡುವುದನ್ನೂ ಮನೆಯವರಿಗೆ ರೂಢಿ ಮಾಡಿಸಿ.

ಎರಡು ಬೀಗಗಳು

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೆಂದರೆ ರೂಟರಿಗೆ ಪಾಸ್‌ವರ್ಡ್ ಎರಡು. ಒಂದು ವೈಫೈಗೆ ಸೇರಲು. ಇನ್ನೊಂದು ರೂಟರಿನ ಸೆಟ್ಟಿಂಗ್ಸ್ ಪುಟ ತೆರೆಯಲು. ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಎನ್ನುತ್ತಾರೆ. ಮೊದಲನೆಯದು ಬೀದಿ ಬಾಗಿಲಿನ ಕೀಲಿ, ಎರಡನೆಯದು ಆ ಬೀಗವನ್ನೇ ಬದಲಿಸುವ ಅಧಿಕಾರ.

ಮೊಬೈಲ್ ಡೇಟಾ ಆಫ್ ಮಾಡಿ, ವೈಫೈಗೆ ಸೇರಿ, ಬ್ರೌಸರಿನಲ್ಲಿ 192.168.1.1 ಎಂದು ಬರೆಯಿರಿ. ಪುಟ ತೆರೆಯದಿದ್ದರೆ 192.168.0.1 ಪ್ರಯತ್ನಿಸಿ. ರೂಟರನ್ನು ತಿರುವಿ ಹಾಕಿದರೆ ಬೆನ್ನಿನ ಚೀಟಿಯಲ್ಲಿ ಸಾಮಾನ್ಯವಾಗಿ ಈ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಅಚ್ಚಾಗಿರುತ್ತವೆ. ಎಷ್ಟೋ ರೂಟರ್‌ಗಳಲ್ಲಿ ಎರಡೂ ‘ಅಡ್ಮಿನ್’ ಎಂದೇ ಇರುತ್ತವೆ. ಒಳಹೋದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಅದನ್ನು ಬದಲಿಸುವುದು. 2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳ ಮೇಲೆ ಕುತಂತ್ರಾಂಶ ದಾಳಿ ಮಾಡಿದಾಗ ಸಿಕ್ಕಿಬಿದ್ದದ್ದು ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಹಾಗೆಯೇ ಉಳಿಸಿಕೊಂಡಿದ್ದ ಮನೆಗಳು. ಪಾಸ್‌ವರ್ಡ್ ಬದಲಿಸಿ ಎಂದು ನಿಗಮವೇ ಗ್ರಾಹಕರಿಗೆ ಹೇಳಬೇಕಾಯಿತು.

ಆಮೇಲೆ ವೈಫೈ ಪಾಸ್‌ವರ್ಡ್. ಚಿಹ್ನೆಗಳ ಕಸರತ್ತಿಗಿಂತ ಉದ್ದ ಮುಖ್ಯ. ಇಲ್ಲಿ ಕನ್ನಡ ನಮ್ಮ ಕೈಹಿಡಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಆರಿಸಿ: ಹಲಸು, ಗಡಿಯಾರ, ಕಂಬಳಿ, ಜೋಕಾಲಿ ಎಂಬಂತೆ. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತೊತ್ತಾಗಿ ಬರೆದು ನಡುವೆಲ್ಲೋ ಒಂದು ಅಂಕಿ ಸೇರಿಸಿದರೆ ಇಪ್ಪತ್ತೈದು ಅಕ್ಷರಕ್ಕೂ ಮೀರುತ್ತದೆ, ಅಜ್ಜಿಗೂ ನೆನಪಿರುತ್ತದೆ. ಇಲ್ಲಿ ಅಚ್ಚಾಗಿರುವ ನಾಲ್ಕನ್ನೇ ಬಳಸಬೇಡಿ. ದೇವರ ಹೆಸರು, ಮಕ್ಕಳ ಹುಟ್ಟಿದ ದಿನ, ಊರ ಹೆಸರಿನ ಜೊತೆ 123, ಇವೂ ಬೇಡ. ವೈಫೈ ಹೆಸರಿನಲ್ಲಿ ಮನೆ ನಂಬರನ್ನೋ ನಿಮ್ಮ ಹೆಸರನ್ನೋ ಸಾರಬೇಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನೊಳಗೆ ಇಡುವುದು ತಪ್ಪಲ್ಲ. ಗಾಳಿಯಲ್ಲಿ ಸಿಗ್ನಲ್ ಹಿಡಿಯುವವನ ಕೈ ನಿಮ್ಮ ಬೀರುವಿನ ತನಕ ಬರುವುದಿಲ್ಲ.

ಅದೇ ಪುಟದಲ್ಲಿ ಭದ್ರತೆಯ ಬಗೆಯನ್ನು ಆರಿಸುವ ಆಯ್ಕೆ ಇರುತ್ತದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಅದು; ಹಳೆಯ ಮೊಬೈಲ್‌ಗಳು ಸೇರಿಕೊಳ್ಳದಿದ್ದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಬೆರೆತ ಆಯ್ಕೆ; ಅದೂ ಇಲ್ಲದಿದ್ದರೆ ಡಬ್ಲ್ಯುಪಿಎ2 ಎಇಎಸ್. ಡಬ್ಲ್ಯುಇಪಿ ಎಂಬ ಹಳೆಯ ಬಗೆಯ ಬೀಗ 2001ರಲ್ಲೇ ಮುರಿದಿದೆ, ಅದನ್ನು ಮುಟ್ಟಲೇಬೇಡಿ.

ಆಫ್ ಮಾಡಬೇಕಾದವು

ಡಬ್ಲ್ಯುಪಿಎಸ್ ಎಂಬ ಸೌಲಭ್ಯವಿದೆ. ಪಾಸ್‌ವರ್ಡ್ ಬದಲು ಎಂಟಂಕಿಯ ಪಿನ್ ಕೊಟ್ಟು ಸೇರಿಕೊಳ್ಳುವ ದಾರಿ ಇದು. ಎಂಟಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ ಇರಬೇಕಿತ್ತು. ಆದರೆ ರೂಟರ್ ಮೊದಲ ನಾಲ್ಕಂಕಿ ಸರಿಯೇ ಎಂದು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಸಿಗುತ್ತದೆ. ಹಾಗಾಗಿ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನಗಳಲ್ಲಿ ಬಾಗಿಲು ತೆರೆಯುತ್ತದೆ. ಈ ಲೋಪ 2011ರಲ್ಲೇ ಬಯಲಾಯಿತು. ನಿಮ್ಮ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಪಿನ್ ಮೂಲಕ ಬರುವವನನ್ನು ಅದು ತಡೆಯಲಾರದು. ಮರೆಯದೆ ಡಬ್ಲ್ಯುಪಿಎಸ್ ಆಫ್ ಮಾಡಿ.

ಹೊರಗಿನಿಂದ ರೂಟರ್ ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಯ್ಕೆ ನಿಮಗೆ ಬೇಕಿಲ್ಲದಿದ್ದರೆ ಅದನ್ನೂ ಆಫ್ ಮಾಡಿ. ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ತಂತ್ರಾಂಶದ ಅಪ್‌ಡೇಟ್ ತಾನಾಗಿ ಆಗುವಂತಿದ್ದರೆ ಹಾಗೆಯೇ ಬಿಡಿ. ‘ಗೆಸ್ಟ್ ನೆಟ್‌ವರ್ಕ್’ ಎಂಬ ಪ್ರತ್ಯೇಕ ಅತಿಥಿ ಜಾಲ ತೆರೆದು, ನೆಂಟರ ಮೊಬೈಲ್, ಸ್ಮಾರ್ಟ್ ಟಿ.ವಿ., ಅಗ್ಗದ ಸಿಸಿಟಿವಿ ಕ್ಯಾಮೆರಾಗಳಿಗೆ ಅದನ್ನು ಕೊಡಿ; ಬ್ಯಾಂಕ್ ವ್ಯವಹಾರ ಮಾಡುವ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಮಾತ್ರ ಮುಖ್ಯ ಜಾಲದಲ್ಲಿರಲಿ.

ಒಂದು ಎಚ್ಚರಿಕೆ. ಗೊಂದಲವಾಯಿತೆಂದು ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರಿಸೆಟ್ ಮಾಡಬೇಡಿ. ಕಂಪನಿಯವರು ತುಂಬಿದ ಸಂಪರ್ಕದ ವಿವರಗಳೂ ಅಳಿಸಿಹೋಗಬಹುದು. ಆಗ ಅವರು ಮತ್ತೆ ಬರುವವರೆಗೆ ಇಂಟರ್‌ನೆಟ್ ಇಲ್ಲ.

ಪಾಸ್‌ವರ್ಡ್ ಬದಲಾದೊಡನೆ ಮನೆಯ ಎಲ್ಲ ಸಾಧನಗಳ ಸಂಪರ್ಕ ಕಡಿಯುತ್ತದೆ. ಟಿ.ವಿ. ನಿಂತಿತೆಂದು ಮಕ್ಕಳು ಗಲಾಟೆ ಮಾಡಬಹುದು. ಒಂದೊಂದನ್ನೇ ಮತ್ತೆ ಸೇರಿಸುತ್ತ, ಸೇರಿಸಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ತಿಂಗಳು ಕಳೆದ ಮೇಲೆ ಅದೇ ಸೆಟ್ಟಿಂಗ್ಸ್ ಪುಟದಲ್ಲಿ ‘ಕನೆಕ್ಟೆಡ್ ಡಿವೈಸಸ್’ ಪಟ್ಟಿ ತೆರೆದು ಚೀಟಿಯೊಂದಿಗೆ ಹೋಲಿಸಿ. ಗುರುತು ಸಿಗದ ಹೆಸರಿದ್ದರೆ ಮನೆಯ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಎಲ್ಲ ಆಫ್ ಮಾಡಿದ ಮೇಲೂ ಆ ಹೆಸರು ಉಳಿದಿದ್ದರೆ, ಅಂದೇ ನಾಲ್ಕು ಹೊಸ ಪದಗಳನ್ನು ಹುಡುಕಿ.