ಗೆಸ್ಟ್ ವಿಎಂ ಒಳಗೆ ಎವಿಎಕ್ಸ್2 ತಂದದ್ದು: ನನ್ನ ಅನುಭವ

ನಮ್ಮ ಸರ್ವರ್‌ನ ಒಂದು ವಿಎಂ (ಗೆಸ್ಟ್), ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್, ಅದರೊಳಗೆ ಮಾಂಗೋಡಿಬಿ ಡೇಟಾಬೇಸ್‌ನ ಕಂಟೇನರ್ ಏಳುತ್ತಿತ್ತು, ಬೀಳುತ್ತಿತ್ತು. ಲಾಗ್ ಪೂರ್ತಿ ಖಾಲಿ. ಎಕ್ಸಿಟ್ ಕೋಡ್ ಮಾತ್ರ ಪ್ರತಿ ಸಲ 132. ನಾನು 4.4ರಿಂದ 5.0ಗೆ ಅಪ್‌ಗ್ರೇಡ್ ಮಾಡಿದ ಮಾರನೇ ದಿನದ ಕತೆ ಇದು. ಡೇಟಾ ಕೆಟ್ಟಿರಬೇಕು ಅಂತ ಎರಡು ದಿನ ಬ್ಯಾಕಪ್ ಹಾಕುತ್ತ, ತೆಗೆಯುತ್ತ ಕಳೆದೆ. ಮೂರನೇ ದಿನ ಲೆಕ್ಕ ಹೊಳೆಯಿತು. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂನ ಕೋಡ್‌ಗೆ 128 ಸೇರಿರುತ್ತದೆ, 132ರಲ್ಲಿ ಅದನ್ನು ಕಳೆದರೆ 4. 4 ಅಂದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಸಿಪಿಯುಗೆ ಗೊತ್ತಿಲ್ಲದ ಆದೇಶ. ಡೇಟಾಕ್ಕೆ ಏನೂ ಆಗಿರಲಿಲ್ಲ. ಮಾಂಗೋ 5.0ಗೆ ಎವಿಎಕ್ಸ್ ಬೇಕು (ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಸಿಪಿಯು ಆದೇಶಗಳು; ಎವಿಎಕ್ಸ್2 ಅದರ ಮುಂದಿನ ಆವೃತ್ತಿ), ನಮ್ಮ ವಿಎಂ ಒಳಗೆ ಅದು ಇರಲಿಲ್ಲ.

ವಿಎಂಗಳನ್ನು ಹೊತ್ತ ನಿಜವಾದ ಯಂತ್ರದಲ್ಲಿ, ಅಂದರೆ ಹೋಸ್ಟ್‌ನಲ್ಲಿ, ಇತ್ತು! ಅದೇ ಹೊಟ್ಟೆ ಉರಿಸಿದ್ದು.

ನಮ್ಮದು ಧಾರವಾಡದಲ್ಲಿ ಮೂರು ಜನರ ಆಫೀಸು. ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಓದಿಸಿ ಪಠ್ಯ ತೆಗೆಯುವುದು) ಮಾಡಿಕೊಡುತ್ತೇವೆ. ಎರಡು ಸರ್ವರ್ ಇವೆ, ಎರಡೂ ಸೆಕೆಂಡ್ ಹ್ಯಾಂಡ್. ದೊಡ್ಡದರಲ್ಲಿ ಎರಡು ಇಂಟೆಲ್ ಜಿಯಾನ್ ಇ5-2680 ವಿ4 ಸಿಪಿಯು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಮಾರು 42 ಸಾವಿರಕ್ಕೆ ತಂದದ್ದು. ಸಣ್ಣದು ಅದಕ್ಕೂ ಹಳೇದು, ಇ5-2670, ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯದು. ಮೊದಲನೆಯದರಲ್ಲಿ ಎವಿಎಕ್ಸ್2 ಇದೆ, ಎರಡನೆಯದರಲ್ಲಿ ಬರೀ ಎವಿಎಕ್ಸ್. ಈ ವ್ಯತ್ಯಾಸ ಮುಂದೆ ನನ್ನ ಜೀವ ತಿಂದಿತು.

ವಿಎಂ ನಡೆಸುವ ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್ 7ರಲ್ಲಿ ಮಾಡಿದ ವಿಎಂಗಳು. ಸಿಪಿಯು ಟೈಪ್ ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಎಲ್ಲವೂ ಕೆವಿಎಂ64, ಎವಿಎಕ್ಸ್ ತೋರಿಸದ ಹಳೇ ಡೀಫಾಲ್ಟ್. ಡೇಟಾಬೇಸ್‌ದು ಗೊತ್ತಾದ ತಕ್ಷಣ ಓಸಿಆರ್ ವಿಎಂ ನೆನಪಾಯಿತು. ನಮ್ಮ ಓಸಿಆರ್ ಪ್ರೋಗ್ರಾಂ ಟೆಸರಾಕ್ಟ್‌ಗೆ ವರ್ಷನ್ ಕೇಳಿದರೆ, ಕೊನೆಯಲ್ಲಿ ಯಾವ ಯಾವ ವೆಕ್ಟರ್ ಸೌಲಭ್ಯ ಸಿಕ್ಕಿದೆ ಅಂತ ಸಾಲು ಸಾಲಾಗಿ ಹೇಳುತ್ತದೆ. 'ಫೌಂಡ್ ಎವಿಎಕ್ಸ್2', 'ಫೌಂಡ್ ಎಫ್‌ಎಂಎ' ಅಂತ. ನಮ್ಮಲ್ಲಿ ಆ ಜಾಗ ಖಾಲಿ. ಒಂದೂವರೆ ವರ್ಷ ಹಾಗೇ ಓಡಿಸಿದ್ದೆವು. 300 ಡಿಪಿಐನ ಒಂದು ತುಂಬು ಪುಟಕ್ಕೆ ಹತ್ತಿರ ಹತ್ತಿರ 20 ಸೆಕೆಂಡ್ ಹೋಗುತ್ತಿತ್ತು. ಕನ್ನಡದ ಒತ್ತಕ್ಷರ, ಹಳೇ ಅಚ್ಚುಮೊಳೆ, ಅದಕ್ಕೇ ತಡ ಅಂತ ನಾವೇ ಕಾರಣ ಕೊಟ್ಟುಕೊಂಡಿದ್ದೆವು.

ಸಲಹೆ ಕೊಡುವವರಿಗೇನೂ ಕಡಿಮೆ ಇರಲಿಲ್ಲ. ಹುಬ್ಬಳ್ಳಿಯ ಗೆಳೆಯರೊಬ್ಬರು, ನನಗಿಂತ ಜಾಸ್ತಿ ವರ್ಷ ಸರ್ವರ್ ನೋಡಿದವರು, "ವಿಎಂ ಒಳಗೆ ಇದೆಲ್ಲ ಆಗೋದಿಲ್ರೀ, ಬೇರ್ ಮೆಟಲ್ ಮೇಲೆ ಹಾಕ್ರಿ" ಅಂದರು, ಅಂದರೆ ವಿಎಂ ಇಲ್ಲದೆ ನೇರ ಯಂತ್ರದ ಮೇಲೆ. ಇನ್ನೊಬ್ಬರು ಜಿಪಿಯು ತಗೊಳ್ಳಿ ಅಂದರು. ನಾವು ಬಳಸುವ ಟೆಸರಾಕ್ಟ್ ಮಾಡೆಲ್ ಓಡುವುದೇ ಸಿಪಿಯು ಮೇಲೆ, ಜಿಪಿಯು ತಂದು ಏನು ಮಾಡಲಿ? ಬಾಡಿಗೆ ಸರ್ವರ್ ಕೂಡ ಒಂದು ತಿಂಗಳು ನೋಡಿದೆ. ಮೂರು ಸಾವಿರದ ಹತ್ತಿರ ಹೋಯಿತು. ಅಲ್ಲೂ ಗೆಸ್ಟ್ ಒಳಗೆ ಎವಿಎಕ್ಸ್2 ಮುಚ್ಚಿಟ್ಟಿದ್ದರು. ಕೇಳಿದರೆ ಆಗಲ್ಲ ಅಂದರು, ದುಡ್ಡೂ ವಾಪಸ್ ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಎರಡೂ ವಿಎಂಗಳ ಸಿಪಿಯು ಟೈಪ್ 'ಹೋಸ್ಟ್' (ಕೆಳಗಿನ ಸಿಪಿಯುನಲ್ಲಿ ಇರುವುದೆಲ್ಲ ಒಳಗೂ ಕಾಣುವಂತೆ) ಅಂತ ಬದಲಿಸಿದೆ, ವಿಎಂ ಒಳಗಿಂದ ರೀಬೂಟ್ ಕೊಟ್ಟೆ. ಏನೂ ಬದಲಾಗಲಿಲ್ಲ. ಒಂದು ಸಂಜೆ ಪೂರ್ತಿ ಅಲ್ಲೇ ಹೋಯಿತು. ಒಳಗಿಂದ ರೀಬೂಟ್ ಮಾಡಿದರೆ ಹೊರಗೆ ವಿಎಂ ಅನ್ನು ಓಡಿಸುವ ಕ್ಯೂಎಮು ಪ್ರೋಸೆಸ್ ಹಳೇದೇ ಇರುತ್ತದೆ ಅಲ್ವಾ. ಪೂರ್ತಿ ಶಟ್‌ಡೌನ್ ಮಾಡಿ ಹೊರಗಿಂದ ಸ್ಟಾರ್ಟ್ ಮಾಡಿದ ಮೇಲೆ ಟೆಸರಾಕ್ಟ್ 'ಫೌಂಡ್ ಎವಿಎಕ್ಸ್2' ಅಂದಿತು. ಅದೇ ಪುಟ ಆರೇಳು ಸೆಕೆಂಡಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗ ಗಡಿಯಾರ ಹಿಡಿದು ಮೂರು ಸಲ ನೋಡಿದ.

ಖುಷಿ ಒಂದು ವಾರ. ದೊಡ್ಡ ಸರ್ವರ್‌ನ ರ್‍ಯಾಮ್ ಬದಲಿಸಬೇಕಿತ್ತು. ಡೇಟಾಬೇಸ್ ವಿಎಂ ಅನ್ನು ಓಡುತ್ತಿರುವಾಗಲೇ ಸಣ್ಣದಕ್ಕೆ ಮೈಗ್ರೇಟ್ ಮಾಡಿದೆ, ಅಂದರೆ ಸ್ಥಳಾಂತರಿಸಿದೆ. ಅಲ್ಲಿ ಇಳಿದದ್ದೇ ಹೆಪ್ಪುಗಟ್ಟಿ ಕೂತಿತು. ಕನ್ಸೋಲ್‌ನಲ್ಲಿ ಕರ್ಸರ್ ಕೂಡ ಮಿಟುಕಲಿಲ್ಲ. ತಪ್ಪು ನನ್ನದೇ. ಸಿಪಿಯುನಲ್ಲಿ ಏನೇನು ಇದೆ ಅಂತ ಗೆಸ್ಟ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬೂಟ್ ಆಗುವಾಗಲೇ ಲೆಕ್ಕ ಹಾಕಿಕೊಂಡಿರುತ್ತದೆ. ಲಿನಕ್ಸ್ ಪ್ರೋಗ್ರಾಂಗಳ ಮೂಲ ಲೈಬ್ರರಿ ಜಿಲಿಬ್‌ಸಿ ಕೂಡ ಪ್ರೋಗ್ರಾಂ ಶುರುವಾದಾಗಲೇ ಮೆಮೊರಿ ನಕಲಿಸುವ ತನ್ನ ಮೆಮ್‌ಕಾಪಿ ಯಾವುದು ಅಂತ ಆರಿಸಿಕೊಂಡಿರುತ್ತದೆ. ನಡುದಾರಿಯಲ್ಲಿ ಕೆಳಗಿನ ಸಿಪಿಯು ಬದಲಾದರೆ ಅವು ಏನು ಮಾಡಬೇಕು? ಆ ದಿನದ ಸುಮಾರು 300 ಪುಟಗಳ ತಿದ್ದುಪಡಿ ಹೋಯಿತು. ಪ್ರೂಫ್ ನೋಡುವ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅಲ್ಲಿಂದ ನನ್ನ ಯೋಚನೆ ಬದಲಾಯಿತು. ಎಲ್ಲ ವಿಎಂಗೂ ಎಲ್ಲವನ್ನೂ ಕೊಡುವುದು ಬೇಡ, ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡೋಣ. ಕಸ್ಟಮ್ ಸಿಪಿಯು ಮಾಡೆಲ್ ಫೈಲ್ ತೆಗೆದು ಕೆವಿಎಂ64 ಮೇಲೆ ಎವಿಎಕ್ಸ್ ಸೇರಿಸಿದೆ. ಮಾಂಗೋ ಮತ್ತೆ 132. ಎಕ್ಸ್‌ಸೇವ್ ಬಿಟ್ಟಿದ್ದೆ. ಎವಿಎಕ್ಸ್‌ನ ಅಗಲವಾದ ರಿಜಿಸ್ಟರ್‌ಗಳನ್ನು (ಸಿಪಿಯು ಒಳಗಿನ ಲೆಕ್ಕದ ಜಾಗಗಳನ್ನು) ತೆಗೆದಿಟ್ಟುಕೊಳ್ಳಲು ಕರ್ನಲ್‌ಗೆ ಎಕ್ಸ್‌ಸೇವ್ ಬೇಕೇ ಬೇಕು, ಇಲ್ಲದಿದ್ದರೆ ಎವಿಎಕ್ಸ್ ಕೊಟ್ಟರೂ ಪ್ರಯೋಜನವಿಲ್ಲ. ಅದನ್ನು ಸೇರಿಸಿದೆ, ಎವಿಎಕ್ಸ್ ಕಂಡಿತು. ಆಮೇಲೆ ಇನ್ನೊಂದು ಫ್ಲ್ಯಾಗ್ (ಸಿಪಿಯು ಸೌಲಭ್ಯದ ಹೆಸರು), ಮತ್ತೊಂದು ಫ್ಲ್ಯಾಗ್. ಹೀಗೆ ಪೋಣಿಸುತ್ತ ಹೋದಾಗ ಒಂದು ಹೊಳೆಯಿತು. ಮಾಂಗೋದವರು ಕೇಳುವುದೇ ಸ್ಯಾಂಡಿ ಬ್ರಿಡ್ಜ್ ಅಥವಾ ಅದಕ್ಕಿಂತ ಹೊಸದು. ಕ್ಯೂಎಮುನಲ್ಲಿ ಆ ಹೆಸರಿನ ರೆಡಿ ಮಾಡೆಲ್ಲೇ ಇದೆ. ನನ್ನ ಎರಡೂ ಸರ್ವರ್ ಅದನ್ನು ಕೊಡಬಲ್ಲವು. ಐಬಿಆರ್‌ಎಸ್ (ಸ್ಪೆಕ್ಟರ್ ಭದ್ರತಾ ದೋಷದ ತಡೆ) ಸೇರಿದ ಹೆಸರನ್ನು ಆರಿಸಿದೆ, ಮುಗಿಯಿತು. ಮೈಗ್ರೇಟ್ ಮಾಡಿದೆ, ಹೋಯಿತು. ವಾಪಸ್ ತಂದೆ, ಬಂತು. ಊಟಕ್ಕೆ ಮುಂಚೆ ಹತ್ತು ಸಲ ಆ ಕಡೆ ಈ ಕಡೆ ಓಡಾಡಿಸಿದೆ. ಒಂದು ರೆಕಾರ್ಡೂ ಹೋಗಲಿಲ್ಲ.

ಓಸಿಆರ್ ವಿಎಂಗೆ ಪ್ರಾಕ್ಸ್‌ಮಾಕ್ಸ್ 8ರಲ್ಲಿ ಬಂದ ಎಕ್ಸ್86-64-ವಿ3 ಮಾಡೆಲ್. ಅದರಲ್ಲಿ ಎವಿಎಕ್ಸ್2, ಎಫ್‌ಎಂಎ ಎರಡೂ ಬರುತ್ತವೆ. ಬೇಕಂತಲೇ ಅದನ್ನು ಸಣ್ಣ ಸರ್ವರ್‌ನಲ್ಲಿ ಸ್ಟಾರ್ಟ್ ಮಾಡಿ ನೋಡಿದೆ. ಏಳಲೇ ಇಲ್ಲ, ಹೋಸ್ಟ್‌ನಲ್ಲಿ ಈ ಸೌಲಭ್ಯ ಇಲ್ಲ ಅಂತ ಮುಖಕ್ಕೇ ಹೇಳಿತು. ನನಗೆ ಬೇಕಾಗಿದ್ದೂ ಅದೇ. ಮೊದಲೇ ಆಗಲ್ಲ ಅನ್ನಲಿ, ನಡುವೆ ಸಾಯುವುದು ಬೇಡ. ಅಂದಹಾಗೆ ಪ್ರಾಕ್ಸ್‌ಮಾಕ್ಸ್ 8ಕ್ಕೆ ಹೋದರೆ ಎಲ್ಲ ತಾನೇ ಸರಿಹೋಗುತ್ತದೆ ಅಂತ ಕಾಯಬೇಡಿ. ಹೊಸ ವಿಎಂಗೆ ಅಲ್ಲಿ ತಾನಾಗಿ ಸಿಗುವುದು ವಿ3ಗಿಂತ ಕೆಳಗಿನ ಮಾಡೆಲ್ ವಿ2-ಎಇಎಸ್, ಅದರಲ್ಲೂ ಎವಿಎಕ್ಸ್ ಇಲ್ಲ. ಹಳೇ ವಿಎಂಗಳು ಇದ್ದ ಹಾಗೇ ಇರುತ್ತವೆ.

ನಡುವೆ ಇನ್ನೆರಡು ಪ್ರಯೋಗ. ನುಡಿ ಫೈಲ್ ತೆರೆಯಲು ಒಂದು ವಿಂಡೋಸ್ 11 ವಿಎಂ ಇದೆ. ಅದಕ್ಕೂ 'ಹೋಸ್ಟ್' ಕೊಟ್ಟೆ, ಮೊದಲಿಗಿಂತ ನಿಧಾನವಾಯಿತು. ವಿಎಂ ಓಡಿಸಲು ಇರುವ ಸಿಪಿಯು ಸೌಲಭ್ಯ ವಿಟಿ-ಎಕ್ಸ್ ಕೂಡ ಒಳಗೆ ಕಂಡದ್ದೇ ವಿಂಡೋಸ್ ತನ್ನದೇ ವರ್ಚುವಲೈಸೇಶನ್ ಕಾವಲು ಎಬ್ಬಿಸಿಕೊಂಡಿತ್ತು. ವಿ2-ಎಇಎಸ್‌ಗೆ ಇಳಿಸಿದೆ, ಹಗುರಾಯಿತು. ಇನ್ನೊಂದು, ಹಳೇ ಐ7-7700 ಡೆಸ್ಕ್‌ಟಾಪ್ ಒಂದನ್ನು ಮೂರನೇ ನೋಡ್ ಮಾಡಲು ಹೋದೆ. ಇಂಟೆಲ್ ಸಿಪಿಯುಗಳ ಡೌನ್‌ಫಾಲ್ ಭದ್ರತಾ ದೋಷಕ್ಕೆ ಅಂತ ಬೂಟ್ ಸಾಲಿನಲ್ಲಿ 'ಗ್ಯಾದರ್ ಡೇಟಾ ಸ್ಯಾಂಪ್ಲಿಂಗ್' ಆಯ್ಕೆಗೆ 'ಫೋರ್ಸ್' ಹಾಕಿದ್ದೆ. ಹೋಸ್ಟ್‌ನಲ್ಲೇ ಎವಿಎಕ್ಸ್ ಮಾಯ. ಆ ಆಯ್ಕೆ ಇದ್ದು ಮೈಕ್ರೋಕೋಡ್ (ಸಿಪಿಯು ಒಳಗಿನ ಸಾಫ್ಟ್‌ವೇರ್) ಹಳೇದಿದ್ದರೆ ಕರ್ನಲ್ ಎವಿಎಕ್ಸ್ ಅನ್ನೇ ಬಂದ್ ಮಾಡುತ್ತದೆ. ಮೈಕ್ರೋಕೋಡ್ ಪ್ಯಾಕೇಜ್ ಹಾಕಿದೆ, ವಾಪಸ್ ಬಂತು.

ಟೆಸರಾಕ್ಟ್ ಓಡಿಸುವವರಿಗೆ ಒಂದು ಮಾತು. ಒಎಂಪಿ ಥ್ರೆಡ್ ಲಿಮಿಟ್ (ಪ್ರೋಗ್ರಾಂ ಎಷ್ಟು ಎಳೆಗಳಲ್ಲಿ ಕೆಲಸ ಹಂಚಬಹುದು ಅನ್ನುವ ಮಿತಿ) 1ಕ್ಕೆ ಇಳಿಸಿ, ಪುಟಗಳನ್ನು ಪಕ್ಕಪಕ್ಕದಲ್ಲಿ ಓಡಿಸಿ. ಒಂದೇ ಪುಟಕ್ಕೆ ನಾಲ್ಕು ಥ್ರೆಡ್ ಸುರಿಯುವುದು ಸುಮ್ನೆ ವೇಸ್ಟ್. ಎರಡು ಸಾಕೆಟ್‌ಗೆ (ಎರಡು ಸಿಪಿಯುಗಳಿಗೆ) ಕೆಲಸ ಹೇಗೆ ಹಂಚಿದ್ದೇನೆ, ಪುಟ ತೊಳೆಯುವ ಸ್ಕ್ರಿಪ್ಟ್‌ನಲ್ಲಿ ಏನಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ನಮ್ಮ ಅನ್ನ ಅದರಲ್ಲೇ ಇದೆ.

ಖರ್ಚು ಅಂದರೆ ಬಾಡಿಗೆ ಸರ್ವರ್‌ಗೆ ಹೋದ ಮೂರು ಸಾವಿರ ಮತ್ತು ನನ್ನ ಹದಿನೈದಿಪ್ಪತ್ತು ಸಂಜೆಗಳು. ಹೊಸ ಹಾರ್ಡ್‌ವೇರ್‌ಗೆ ಒಂದು ಪೈಸೆ ಹೋಗಲಿಲ್ಲ. ಎವಿಎಕ್ಸ್2, ಪುಟಗಳ ಪಕ್ಕಪಕ್ಕದ ಓಟ ಎರಡೂ ಸೇರಿ, ರಾತ್ರಿ ಪೂರ್ತಿ ಉರಿಯುತ್ತಿದ್ದ ಸರ್ವರ್ ಈಗ ಒಂದು ಗಂಟೆಯೊಳಗೆ ಕೆಲಸ ಮುಗಿಸುತ್ತದೆ. ಕರೆಂಟ್ ಬಿಲ್ ತಿಂಗಳಿಗೆ ಸಾವಿರ, ಸಾವಿರದಿನ್ನೂರು ಇಳಿದಿದೆ. ಬೇರ್ ಮೆಟಲ್ ಅಂದಿದ್ದ ಹುಬ್ಬಳ್ಳಿ ಗೆಳೆಯರು ಹೋದ ತಿಂಗಳು ಬಂದಿದ್ದರು. ಮೈಗ್ರೇಶನ್ ಎರಡು ಸಲ ಮಾಡಿಸಿ ನೋಡಿದರು. ಹೋಗುವಾಗ ವಿಎಂ ಕಾನ್ಫಿಗ್‌ನ ಸಿಪಿಯು ಸಾಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಹೋದರು.