ಕೆಂಚನ ಉಚ್ಚೆಯ ಲೆಕ್ಕ

ನಾಲ್ಕು ವರ್ಷ ಸಾಕಿದ ಮೇಲೂ ಕೆಂಚ ಎಲ್ಲಿ ಉಚ್ಚೆ ಹೊಯ್ಯುತ್ತಾನೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಗರ ಪೇಟೆಯಿಂದ ಒಂದಷ್ಟು ಒಳಗಿನ ಮನೆ, ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಸೊಪ್ಪಿನಬೆಟ್ಟ. ಬೆಕ್ಕಿಗೆ ಅಂತ ಮರಳಿನ ತಟ್ಟೆ ಇಡುವುದು ಪೇಟೆಯವರ ಚಾಳಿ ಅಂದುಕೊಂಡಿದ್ದೆವು. ಅವನ ಪಾಡಿಗೆ ಅವನು ಹೋಗುತ್ತಿದ್ದ, ಬರುತ್ತಿದ್ದ, ಕೆಸರು ಕಾಲಲ್ಲೇ ಹಾಸಿಗೆ ಹತ್ತುತ್ತಿದ್ದ.

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಶನಿವಾರ. ಮನೆಗೆ ನೆಂಟರು ಬಂದಿದ್ದರು, ಜೊತೆಗೆ ಅವರ ನಾಯಿಮರಿ. ಕೆಂಚ ಎರಡು ದಿನದಿಂದ ಅಟ್ಟ ಬಿಟ್ಟು ಇಳಿದಿರಲಿಲ್ಲ. ಮಧ್ಯಾಹ್ನ ಬಚ್ಚಲುಮನೆಯ ಮೂಲೆಯಲ್ಲಿ ಹಿಂಗಾಲು ಮಡಚಿ ಕೂತು ತಿಣುಕುವುದನ್ನು ಅಮ್ಮ ನೋಡಿದರು. ಎದ್ದ, ನಾಲ್ಕು ಹೆಜ್ಜೆ ಹೋದ, ಮತ್ತೆ ಕೂತ, ಬಾಲದ ಕೆಳಗೆ ನೆಕ್ಕಿಕೊಂಡ. "ಪಾಪ, ಹೊಟ್ಟೆ ಕಟ್ಟಿದೆ" ಅಂದರು. ನನಗೂ ಹಾಗೇ ಕಂಡಿತು. ಆ ಕೂರುವ ಭಂಗಿ ನೋಡಿದರೆ ಯಾರಿಗೂ ಹಾಗೇ ಕಾಣುತ್ತದೆ. ಎಮ್ಮೆ ಸಾಕಿದ ಮನೆಯಾದ್ದರಿಂದ ಔಷಧಕ್ಕೇನು ಬರ? ಅರ್ಧ ಚಮಚ ಹರಳೆಣ್ಣೆ ಬಾಯಿಗೆ ಬಿಟ್ಟೆ. ಅರ್ಧ ನನ್ನ ಅಂಗಿಗೆ, ಅರ್ಧ ಅವನ ಗಂಟಲಿಗೆ. ಹಾಗೆ ಬಲವಂತವಾಗಿ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂದು ಆಮೇಲೆ ಡಾಕ್ಟರು ಬೈದರು.

ರಾತ್ರಿ ಎರಡು ಸಲ ನೊರೆ ವಾಂತಿ ಮಾಡಿದ. ಹಿಂದೆಂದೂ ಕೇಳಿರದ ಒಂದು ದನಿ ತೆಗೆದ, ಕೂಗೂ ಅಲ್ಲದ ನರಳಿಕೆಯೂ ಅಲ್ಲದ ತಗ್ಗಿದ ದನಿ. ಪಕ್ಕದ ಮನೆಯವರು ಫೋನಿನಲ್ಲಿ "ಅರ್ಧ ಪ್ಯಾರಾಸಿಟಮಾಲ್ ಕೊಡಿ, ನೋವು ಇಳಿಯುತ್ತದೆ" ಅಂದರು. ಕೊಡಲಿಲ್ಲ. ಬುದ್ಧಿ ಇತ್ತು ಅಂತಲ್ಲ, ಡಬ್ಬಿಯಲ್ಲಿ ಮಾತ್ರೆ ಮುಗಿದಿತ್ತು, ಅಷ್ಟೇ. ಆ ಮಾತ್ರೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಟ್ಟು ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಒಂದೇ ಮಾತ್ರೆ ಸಾಕು ಜೀವ ಹೋಗಲು. ಈಗ ಆ ಡಬ್ಬಿಯ ಮುಚ್ಚಳದ ಮೇಲೆ ಬೆಕ್ಕಿನ ಚಿತ್ರ ಬರೆದು ಅಡ್ಡಗೀಟು ಹಾಕಿದ್ದೇನೆ.

ಭಾನುವಾರ ಬೆಳಗ್ಗೆ ಆರಕ್ಕೆ ನನ್ನ ಶಾಲೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬೇರೆ ಜಿಲ್ಲೆಯಲ್ಲಿ ಪಶುವೈದ್ಯ. ನಾನು ಹೊಟ್ಟೆ ಕಟ್ಟಿದ ಕಥೆ ಶುರು ಮಾಡಿದೆ, ಅವನು ಅರ್ಧಕ್ಕೇ ತಡೆದ.

"ಕಕ್ಕ ಬಿಡು. ಉಚ್ಚೆ ಬಂದಿದ್ದು ಕಣ್ಣಾರೆ ಕಂಡಿದ್ದು ಯಾವಾಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವರ್ಷದಲ್ಲಿ ಎಂದೂ ಕಂಡಿರಲಿಲ್ಲ.

ಅವನು ಹೇಳಿದಂತೆ ಕೆಂಚನನ್ನು ಬಿಳಿ ಪಂಚೆಯ ಮೇಲೆ ಮಲಗಿಸಿದೆ. ಹಿಂಗಾಲುಗಳ ಮುಂದೆ, ಹೊಟ್ಟೆಯ ತಳದಲ್ಲಿ ಬೆರಳ ತುದಿ ಇಟ್ಟೆ. ಒತ್ತಕೂಡದು, ಒಡೆದರೆ ಮುಗಿಯಿತು ಎಂದು ಎರಡೆರಡು ಸಲ ಎಚ್ಚರಿಸಿದ್ದ. ಒತ್ತುವ ಅಗತ್ಯವೂ ಬೀಳಲಿಲ್ಲ. ಒಳಗೆ ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ, ಕಲ್ಲಿನ ಹಾಗೆ ಗಟ್ಟಿಯಾದ ಉಂಡೆ ಕೈಗೆ ಸಿಕ್ಕಿತು. ಪಂಚೆಯ ಮೇಲೆ ಒಂದೇ ಒಂದು ಹನಿ, ಗುಲಾಬಿ ಬಣ್ಣದ್ದು.

"ಮಾಳಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ ಕಣೋ. ಲೋಳೆ, ಹರಳಿನ ಪುಡಿ ಸೇರಿ ಬಿರಡೆ ಹಾಕಿದ ಹಾಗಾಗುತ್ತದೆ. ಹೆಣ್ಣುಬೆಕ್ಕಿಗೆ ಇದು ಅಪರೂಪ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಸಾಯುತ್ತದೆ, ಅದರಲ್ಲಿ ಒಂದು ರಾತ್ರಿ ನೀನು ಹರಳೆಣ್ಣೆಗೆ ಕೊಟ್ಟಿದ್ದೀಯ." ಮನೆಬಾಗಿಲಿಗೇ ಬರುವ ಪಶುವೈದ್ಯ ವಾಹನದ ಸಹಾಯವಾಣಿ 1962ಕ್ಕೆ ಫೋನ್ ಮಾಡಲೇ ಎಂದು ಕೇಳಿದೆ. ಅರಿವಳಿಕೆ, ರಕ್ತ ಪರೀಕ್ಷೆ, ನೂಲಿನಂಥ ನಳಿಗೆ ಎಲ್ಲ ಬೇಕು, ಹಟ್ಟಿ ಬಾಗಿಲಲ್ಲಿ ನಿಂತು ಮಾಡುವ ಕೆಲಸ ಅಲ್ಲ, ಶಿವಮೊಗ್ಗಕ್ಕೆ ಹೊರಡು ಅಂದ.

ಹೊರಡುವ ಮೊದಲು ಮೂರು ಕಡೆ ಫೋನ್ ಮಾಡಿದೆ. ಮೊದಲನೆಯವರಿಗೆ "ಬೆಕ್ಕಿಗೆ ಹುಷಾರಿಲ್ಲ, ತಿನ್ನುತ್ತಿಲ್ಲ" ಅಂದೆ, ಸೋಮವಾರ ತನ್ನಿ ಅಂದರು. ಅವರದ್ದೇನೂ ತಪ್ಪಿಲ್ಲ, ನಾನು ಹೇಳಿದ್ದೇ ಹಾಗಿತ್ತು. ಎರಡನೆಯ ಕಡೆ ಯಾರೂ ಎತ್ತಲಿಲ್ಲ. ಮೂರನೆಯ ಕಡೆ ಗೆಳೆಯ ಹೇಳಿಕೊಟ್ಟ ಮಾತನ್ನೇ ಒಪ್ಪಿಸಿದೆ: "ಗಂಡುಬೆಕ್ಕು, ನಿನ್ನೆ ಮಧ್ಯಾಹ್ನದಿಂದ ಉಚ್ಚೆ ಇಲ್ಲ, ವಾಂತಿ ಇದೆ, ಮೂತ್ರಕೋಶ ಗಟ್ಟಿಯಾಗಿದೆ." ಆ ಕಡೆಯ ದನಿಯೇ ಬದಲಾಯಿತು. "ಈಗಲೇ ಹೊರಡಿ. ಏನೂ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗುತ್ತದೆ."

ಬೆಕ್ಕಿನ ಪಂಜರ ನಮ್ಮಲ್ಲಿರಲಿಲ್ಲ. ತರಕಾರಿಯ ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಬಾಯಿಗೆ ಬಾಯಿ ಮುಚ್ಚಿ ಬಾಳೆಹಗ್ಗದಿಂದ ಕಟ್ಟಿದೆವು. ಒಳಗೆ ಹಾಕುವಾಗ ಕೆಂಚ ನನ್ನ ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿದ. ಮೈತುಂಬ ಟವೆಲ್ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು ಎತ್ತಬೇಕು ಎಂದು ಅವತ್ತು ಕಲಿತೆ. ಹರಿಯುವ ನೀರು, ಸೋಪು, ಹದಿನೈದು ನಿಮಿಷ ಕೈ ತೊಳೆದದ್ದು ಮಾತ್ರ ಸರಿಯಾಗಿ ಮಾಡಿದೆ. ಹೊತ್ತಾಗುತ್ತಿದೆ ಎಂದು ಅಣ್ಣ ಕಾರಿನಲ್ಲಿ ಹಾರನ್ ಹೊಡೆಯುತ್ತಿದ್ದರೂ ಬಿಡಲಿಲ್ಲ. ಕೆಂಚನಿಗೆ ರೇಬೀಸ್ ಲಸಿಕೆ ಹಿಂದಿನ ವರ್ಷವೇ ತಪ್ಪಿಹೋಗಿತ್ತು. ಹಾಗಾಗಿ ಅವತ್ತು ಸಂಜೆಯೇ ಶುರು ಮಾಡಿ 0, 3, 7, 28ನೇ ದಿನ ನನಗೆ ಚುಚ್ಚುಮದ್ದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಗಾಯದ ಬಾಯಿ ಬೇಗ ಮುಚ್ಚಿ ಒಳಗೆ ಕೀವಾಗುತ್ತದೆ. ಮಾರನೇ ದಿನ ಹೆಬ್ಬೆರಳು ಬಾಳೆಕಾಯಿಯ ಹಾಗೆ ಊದಿ, ನನಗೂ ಆಂಟಿಬಯೋಟಿಕ್ ಬಿತ್ತು.

ಆನಂದಪುರ ದಾಟುವ ತನಕ ಆ ತಗ್ಗಿದ ದನಿ ಕೇಳುತ್ತಿತ್ತು. ಕುಂಸಿಯ ಹತ್ತಿರ ನಿಂತುಹೋಯಿತು. ಸಮಾಧಾನವಾಯಿತು ಅಂದುಕೊಂಡೆ. ಅದು ಸಮಾಧಾನವಲ್ಲ, ಹೊರಹೋಗದ ಉಚ್ಚೆಯ ವಿಷ ಮೈಗೆ ಏರಿದ್ದು. ಆಯನೂರಿನಲ್ಲಿ ಕ್ರೇಟಿನ ಸಂದಿಯಿಂದ ಬೆರಳು ತೂರಿಸಿ ಕಿವಿ ಮುಟ್ಟಿದರೆ ತಣ್ಣಗಿತ್ತು. ದಾರಿಯುದ್ದಕ್ಕೂ ನಾನು ಮಾಡಿದ ಒಂದೇ ಪ್ರಯೋಜನದ ಕೆಲಸ, ಪಂಚಾಂಗದ ಹಾಳೆಯ ಹಿಂದೆ ಬರೆದುಕೊಂಡದ್ದು: ಕೊನೆಯ ಊಟ ಯಾವಾಗ, ವಾಂತಿ ಎಷ್ಟು ಸಲ, ಹರಳೆಣ್ಣೆ ಎಷ್ಟು, ಮೊದಲು ತಿಣುಕಿದ್ದು ಎಷ್ಟು ಗಂಟೆಗೆ. ಡಾಕ್ಟರು ನನ್ನ ಮುಖ ನೋಡದೆ ಆ ಹಾಳೆ ಈಸಿಕೊಂಡರು.

ನಳಿಗೆ ಹಾಕುವುದೇ ಮೊದಲ ಕೆಲಸ ಅಂದುಕೊಂಡಿದ್ದೆ. ಅವರು ಮೊದಲು ಎದೆ ಬಡಿತ ಎಣಿಸಿದರು. ಹೆದರಿದ ಬೆಕ್ಕಿನ ಹೃದಯ ಮೇಜಿನ ಮೇಲೆ ನಿಮಿಷಕ್ಕೆ 180, 200 ಬಡಿಯಬೇಕು. ಕೆಂಚನದು 96. ಹೊರಹೋಗದ ಉಚ್ಚೆಯಿಂದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯವನ್ನು ನಿಧಾನ ಮಾಡುತ್ತದೆ, ಕೊನೆಗೆ ನಿಲ್ಲಿಸುತ್ತದೆ. ರಕ್ತದಲ್ಲಿ ಅದು 8 ದಾಟಿತ್ತು, 5.5ರ ಒಳಗಿರಬೇಕಾದದ್ದು. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ಹೋಗುತ್ತಾನೆ ಎಂದು ಹೇಳಿ, ಮುಂಗಾಲಿಗೆ ಡ್ರಿಪ್ ಹಾಕಿ, ಕ್ಯಾಲ್ಸಿಯಂ ಗ್ಲೂಕೊನೇಟ್ ಅನ್ನು ನಿಧಾನವಾಗಿ, ಇಸಿಜಿಯ ಗೆರೆ ನೋಡುತ್ತಾ ಕೊಟ್ಟರು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ಸ್ವಲ್ಪ ಹೊತ್ತು ಗುರಾಣಿ ಹಿಡಿಯುತ್ತದೆ. ಇಳಿಸುವುದಕ್ಕೆ ಇನ್ಸುಲಿನ್, ಅದರ ಬೆನ್ನಿಗೆ ಗ್ಲೂಕೋಸ್. ಬಡಿತ 150 ದಾಟಿದ ಮೇಲೆಯೇ ನಿದ್ದೆಯ ಮದ್ದು, ಸಲೈನ್ ಹಾಯಿಸಿ ಬಿರಡೆ ಸಡಿಲಿಸುವುದು, ನಳಿಗೆ.

ಹೊರಬಂದದ್ದು ಮುರುಗಲ ಹಣ್ಣಿನ ಶರಬತ್ತಿನ ಬಣ್ಣದ್ದು. ದೊಡ್ಡ ಸಿರಿಂಜಿನಲ್ಲಿ ಎಳೆದು ಎಳೆದು ಬೋಗುಣಿಗೆ ಬಿಟ್ಟರು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಶವಪೆಟ್ಟಿಗೆಯ ಮುಚ್ಚಳದ ಆಕಾರದ ಹರಳುಗಳು, ಸ್ಟ್ರೂವೈಟ್. ಇಷ್ಟು ಚಂದದ ವಸ್ತು ಇಷ್ಟು ಕೆಟ್ಟ ಕೆಲಸ ಮಾಡುತ್ತದೆಯಲ್ಲ ಅನ್ನಿಸಿತು.

ಎರಡು ರಾತ್ರಿ ಅಲ್ಲೇ ಇದ್ದ. ಹಳೆಯ ಎಕ್ಸ್‌ರೇ ಹಾಳೆ ಸುತ್ತಿ ಕೊರಳಿಗೆ ಕಟ್ಟಿದ್ದರು, ನಳಿಗೆ ಕಿತ್ತುಕೊಳ್ಳದಿರಲಿ ಎಂದು. ತಡೆ ಬಿಚ್ಚಿದ ಮೇಲೆ ಮೂತ್ರಪಿಂಡ ಹಿಡಿತ ತಪ್ಪಿ ಬೇಕಾಬಿಟ್ಟಿ ನೀರು ಹೊರಹಾಕುತ್ತದಂತೆ. ಹೋದಷ್ಟನ್ನು ಅಳೆದು ಅಷ್ಟೇ ಡ್ರಿಪ್ ಕೊಡಬೇಕು. ಬಿಲ್ಲು 9,400 ರೂಪಾಯಿ. ಊರಿನಲ್ಲಿ ಈ ಮೊತ್ತ ಹೇಳಿದಾಗ ಕೆಲವರು ನಕ್ಕರು, ಅದಿರಲಿ.

ಮನೆಗೆ ಕರೆತರುವಾಗ ಡಾಕ್ಟರು ಹೇಳಿದ್ದು ಇಷ್ಟು: ಮೊದಲ ಕೆಲವು ದಿನಗಳಲ್ಲೇ ಮತ್ತೆ ಕಟ್ಟುವುದು ಹೆಚ್ಚು. ಪದೇ ಪದೇ ಆದರೆ ಸಪೂರ ಭಾಗವನ್ನೇ ತೆಗೆದು ದಾರಿ ಅಗಲ ಮಾಡುವ ಶಸ್ತ್ರಚಿಕಿತ್ಸೆ ಇದೆ. ಒಣ ಕಾಳಿನ ಆಹಾರ ಕಡಿಮೆ ಮಾಡಿ, ನೀರು ಹೊಟ್ಟೆಗೆ ಹೋಗುವಂತೆ ನೋಡಿ, ಹೆದರಿಸಬೇಡಿ. ಈ ಕಾಯಿಲೆಯಲ್ಲಿ ಹೆದರಿಕೆಗೂ ಒಂದು ಪಾಲಿದೆಯಂತೆ. ನಾಯಿಮರಿ, ಮಳೆ, ಎರಡು ದಿನದ ಅಟ್ಟವಾಸ, ಎಲ್ಲ ನೆನಪಾಯಿತು. ಈಗ ಹರಳು ಕರಗಿಸುವ ಆಹಾರ ಕೊಡುತ್ತೇವೆ, ಉಪ್ಪಿಲ್ಲದೆ ಬೇಯಿಸಿದ ಮೀನಿನ ನೀರನ್ನೂ ಮುಂದಿಡುತ್ತೇವೆ. ನಾಲ್ಕು ಕಡೆ ಅಗಲ ಬಾಯಿಯ ಮಣ್ಣಿನ ಬಟ್ಟಲು. ಅವನು ಕುಡಿಯುವುದು ಮಾತ್ರ ಬಚ್ಚಲಿನ ಹಂಡೆಯ ಕೆಳಗೆ ತೊಟ್ಟಿಕ್ಕುವ ನೀರನ್ನು.

ಪೇಟೆಯವರ ಚಾಳಿ ನಮ್ಮ ಜಗಲಿಗೂ ಬಂತು. ಹಳೆಯ ಸಿಮೆಂಟು ಬಾಂಡಲಿಗೆ ಜರಡಿ ಹಿಡಿದ ಮರಳು. ಮಳೆಗಾಲದಲ್ಲಿ ಅವನೂ ಅದನ್ನೇ ಇಷ್ಟಪಟ್ಟ. ಒದ್ದೆ ಮರಳು ಉಂಡೆ ಕಟ್ಟುತ್ತದೆ, ಎಣಿಸಬಹುದು. ದಿನಕ್ಕೆ ಎರಡೋ ಮೂರೋ ಉಂಡೆ, ಮುಷ್ಟಿ ಗಾತ್ರದ್ದು. ಚಿಕ್ಕಚಿಕ್ಕ ಉಂಡೆ ಹೆಚ್ಚಾದರೆ ಎಚ್ಚರ, ಒಂದೂ ಇಲ್ಲದಿದ್ದರೆ ಕಾರಿನ ಕೀಲಿ. ಅಮ್ಮ ಅದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. ಕಳೆದ ತಿಂಗಳು ಡೇರಿಯ ಹುಡುಗ ಬಂದು, "ಅಮ್ಮಾ, ಹದಿನಾಲ್ಕನೇ ತಾರೀಕು ಮೂರು ಲೀಟರ್ ಹಾಕಿದ್ದೀರಾ? ನಮ್ಮ ಪುಸ್ತಕದಲ್ಲಿ ಎರಡೇ ಇದೆ" ಅಂದ.