ಊರಿನ ಚಡಾವಿನಲ್ಲಿ ಹಾಫ್ ಮ್ಯಾರಥಾನ್: ಓಡುವುದು ಹೇಗೆ?

ಕಾಸರಗೋಡಿನಲ್ಲಿ ಸಮತಟ್ಟು ರಸ್ತೆ ಬೇಕೆಂದರೆ ಕಡಲ ಕರೆಗೇ ಹೋಗಬೇಕು. ಕುಂಬಳೆಯಿಂದ ಬದಿಯಡ್ಕಕ್ಕೆ, ಅಲ್ಲಿಂದ ಪೆರ್ಲಕ್ಕೆ ಅಥವಾ ಮುಳ್ಳೇರಿಯಾಕ್ಕೆ, ಎಲ್ಲಿಗೆ ಹೊರಟರೂ ಬೈಲಿನಿಂದ (ತಗ್ಗಿನ ಗದ್ದೆಯ ಜಾಗ) ಪದವಿಗೆ (ಗುಡ್ಡೆಯ ಮೇಲಿನ ಸಮತಟ್ಟು ಜಾಗ) ಹತ್ತಬೇಕು, ಪದವಿನಿಂದ ಇನ್ನೊಂದು ಬೈಲಿಗೆ ಇಳಿಯಬೇಕು. ಘಾಟಿಯ ಹಾಗೆ ಒಂದೇ ಉದ್ದದ ಏರು ಇಲ್ಲಿಲ್ಲ. ಗಿಡ್ಡ, ಕಡಿದಾದ ಚಡಾವುಗಳು ಒಂದರ ಹಿಂದೆ ಒಂದು ಬರುತ್ತವೆ. ಇಂಥ ರಸ್ತೆಯಲ್ಲಿ ಹಾಫ್ ಮ್ಯಾರಥಾನಿನ 21.0975 ಕಿಲೋಮೀಟರ್ ಓಡುವುದು ಖಂಡಿತ ಸಾಧ್ಯ. ಆದರೆ ಬಯಲುಸೀಮೆಯ ಓಟಗಾರರಿಗೆ ಮಾಡಿದ ತಯಾರಿ ಇಲ್ಲಿಗೆ ಸಾಕಾಗುವುದಿಲ್ಲ.

ಹುಟ್ಟೂರಿನ ರಸ್ತೆ ನಮಗೆ ಗೊತ್ತು ಅಂತ ನಾವು ನಂಬಿರುತ್ತೇವೆ. ನಿಜವಾಗಿ ಅದು ಗೊತ್ತಿರುವುದು ಬಸ್ಸಿನ ಸೀಟಿಗೆ, ಸ್ಕೂಟರಿನ ಗೇರಿಗೆ. ಕಾಲಿಗೆ ಅದರ ಪರಿಚಯ ಇಲ್ಲ. ಆದ್ದರಿಂದ ಮೊದಲ ಕೆಲಸ ದಾರಿಯನ್ನು ಕಾಲಿನಿಂದ ಕಲಿಯುವುದು.

ದಾರಿ ನೋಡಿಕೊಳ್ಳಿ

ಓಟವನ್ನು ಯಾರಾದರೂ ಏರ್ಪಡಿಸಿದ್ದರೆ ದಾರಿಯ ನಕ್ಷೆ ಕೇಳಿ ತೆಗೆದುಕೊಳ್ಳಿ. ನಾಲ್ಕು ಗೆಳೆಯರು ಸೇರಿ ನೀವೇ ಓಡುವುದಾದರೆ ಹೊರಟಲ್ಲಿಗೇ ಬಂದು ಸೇರುವ ದಾರಿ ಆರಿಸಿ. ಆಗ ಹತ್ತಿದಷ್ಟೇ ಇಳಿತವೂ ಸಿಗುತ್ತದೆ. ಧರ್ಮತ್ತಡ್ಕ ಕಡೆಯವರಿಗೆ ಪೊಸಡಿ ಗುಂಪೆಯ ತಲೆ ಮುಟ್ಟಿ ಬರುವ ಆಸೆ ಬರಬಹುದು. ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಎತ್ತರದ ಚೆಂದದ ಗುಡ್ಡೆ ಅದು. ನನ್ನ ಮಾತು ಕೇಳುವುದಾದರೆ ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಮೊದಲ ಓಟಕ್ಕೆ ಬೇಡ. ನಂದಾರಪದವಿನಿಂದ ಶುರುವಾಗಿ ತಿರುವನಂತಪುರ ಜಿಲ್ಲೆಯವರೆಗೆ ಹೋಗುವ ಮಲೆನಾಡ ಹೆದ್ದಾರಿಯಲ್ಲಿ ಏರು ಇಳಿತಗಳಿಗೆ ಕೊರತೆ ಇಲ್ಲ. ವಾಹನಗಳೂ ಜೋರಾಗಿಯೇ ಬರುತ್ತವೆ, ಜಾಗ್ರತೆ.

ದಾರಿಯನ್ನು ಎರಡು ಮೂರು ಭಾಗ ಮಾಡಿ, ಬೇರೆ ಬೇರೆ ದಿನ ನಿಧಾನ ಓಡಿ ನೋಡಿ. ಪ್ರತಿ ಏರು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ, ಯಾವ ಮನೆಯ ನಾಯಿ ಗೇಟು ದಾಟಿ ಬರುತ್ತದೆ, ಎಲ್ಲ ಬರೆದಿಡಿ. ತುದಿ ಎಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಚಡಾವಿನಲ್ಲೇ ಉಸಿರು ಮುಗಿಸಿಕೊಳ್ಳುವುದು ತಪ್ಪುತ್ತದೆ.

ವಾಹನಗಳಿಗೆ ಎದುರಾಗಿ, ಅಂದರೆ ರಸ್ತೆಯ ಬಲಬದಿಯಲ್ಲಿ ಓಡಿ. ಬಲಕ್ಕೆ ತಿರುಗುವ ಕುರುಡು ತಿರುವುಗಳಲ್ಲಿ ಮಾತ್ರ ಎದುರಿನ ಬಸ್ಸಿನವರಿಗೆ ನೀವು ಕಾಣುವುದಿಲ್ಲ. ಅಲ್ಲಿ ಸ್ವಲ್ಪ ಮೊದಲೇ ಎರಡೂ ಕಡೆ ನೋಡಿ ಎಡಬದಿಗೆ ದಾಟಿ, ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ ಬನ್ನಿ.

ಮೂರೂವರೆ ತಿಂಗಳ ತಯಾರಿ

ನಮ್ಮಲ್ಲಿ ಓಡಲು ಒಳ್ಳೆಯ ಕಾಲ ಡಿಸೆಂಬರ್ ಮತ್ತು ಜನವರಿ. ಜನವರಿಯಲ್ಲಿ ಓಟ ಇದ್ದರೆ ಮಳೆ ಕಡಿಮೆಯಾಗುತ್ತಾ ಬರುವ ಸೆಪ್ಟೆಂಬರ್ ಕೊನೆಗೆ ಅಭ್ಯಾಸ ಶುರು ಮಾಡಿ. ನಿಲ್ಲದೆ ಐದು ಕಿಲೋಮೀಟರ್ ಓಡಲು ಬರುವವರಿಗೆ 14 ವಾರ ಸಾಕು. ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕಾಣಲೇಬೇಕು.

ವಾರಕ್ಕೆ ನಾಲ್ಕು ದಿನ ಓಡಿ. ಎರಡು ದಿನ ಐದಾರು ಕಿಲೋಮೀಟರ್, ಪಕ್ಕದವರ ಹತ್ತಿರ ಮಾತಾಡಿಕೊಂಡು ಹೋಗುವಷ್ಟು ಸಲೀಸಾಗಿ. ಒಂದು ದಿನ ಏರಿನ ಅಭ್ಯಾಸ. ಒಂದು ದಿನ ಉದ್ದದ ಓಟ: ಎಂಟು ಕಿಲೋಮೀಟರಿನಿಂದ ಶುರು ಮಾಡಿ, ಮೆಲ್ಲ ಮೆಲ್ಲ ಹದಿನೇಳು ಹದಿನೆಂಟಕ್ಕೆ ತನ್ನಿ. ನಾಲ್ಕು ವಾರಕ್ಕೊಮ್ಮೆ ದೂರ ಕಡಿಮೆ ಮಾಡಿ ದೇಹಕ್ಕೆ ಬಿಡುವು ಕೊಡಿ.

ಏರಿನ ದಿನ ಮನೆ ಹತ್ತಿರದ ಚಡಾವು ಸಾಕು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಒಂದರಿಂದ ಒಂದೂವರೆ ನಿಮಿಷ ಮೇಲಕ್ಕೆ ಓಡಿ, ನಡೆದು ಕೆಳಗೆ ಬನ್ನಿ. ಶುರುವಿನಲ್ಲಿ ನಾಲ್ಕು ಸಲ, ಆಮೇಲೆ ಎಂಟರವರೆಗೆ. ಹೆಜ್ಜೆ ಗಿಡ್ಡ ಇರಲಿ. ಸೊಂಟ ಬಗ್ಗಿಸಬೇಡಿ, ಇಡೀ ಮೈ ಸ್ವಲ್ಪ ಮುಂದಕ್ಕೆ ವಾಲಲಿ. ಕೈ ಬೀಸುವುದು ಬಿಡಬೇಡಿ.

ಇನ್ನು ಇಳಿತದ ವಿಷಯ. ಇದನ್ನು ಹೆಚ್ಚಿನವರು ಅಭ್ಯಾಸವೇ ಮಾಡುವುದಿಲ್ಲ, ಗುಡ್ಡೆಯ ಓಟ ಕೈಕೊಡುವುದೂ ಇಲ್ಲೇ. ಏರಿನಲ್ಲಿ ಸುಸ್ತಾಗುವುದು ಉಸಿರು. ಅದು ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ. ಇಳಿತದಲ್ಲಿ ಪೆಟ್ಟು ಬೀಳುವುದು ತೊಡೆಯ ಮುಂದಿನ ಸ್ನಾಯುಗಳಿಗೆ. ಅವು ಹಿಗ್ಗುತ್ತಾ ಹಿಗ್ಗುತ್ತಲೇ ಮೈಯ ಭಾರ ತಡೆಯಬೇಕು, ಅಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಮೊದಲ ಹತ್ತು ಕಿಲೋಮೀಟರಿನ ಇಳಿತಗಳಲ್ಲಿ ಸುಮ್ನೆ ಜಿಗಿದು ಓಡಿದರೆ ಕೊನೆಯ ಐದು ಕಿಲೋಮೀಟರಿನಲ್ಲಿ ಸಮತಟ್ಟು ರಸ್ತೆಯೂ ಕಷ್ಟವಾಗುತ್ತದೆ. ಒಳ್ಳೆಯ ಸಂಗತಿ ಏನೆಂದರೆ ಒಮ್ಮೆ ಹೀಗೆ ನೊಂದು ಸುಧಾರಿಸಿದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಅದಕ್ಕೇ ಐದನೇ ವಾರದಿಂದ ಇಳಿತವನ್ನೂ ಬೇಕೆಂದೇ ಓಡಿ. ಸಾಧಾರಣ ಇಳಿಜಾರಿನಲ್ಲಿ ನೂರೈವತ್ತು ಇನ್ನೂರು ಮೀಟರ್, ನಾಲ್ಕೈದು ಸಲ, ವಾರಕ್ಕೊಮ್ಮೆ ಮಾತ್ರ. ಹಿಂದಕ್ಕೆ ವಾಲಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕಬೇಡಿ, ಮೊಣಕಾಲು ಹಾಳು. ಸಣ್ಣ, ಚುರುಕು ಹೆಜ್ಜೆ ಇಡಿ. ಪಾದ ಮೈಯ ಕೆಳಗೇ ಬೀಳಲಿ. ಕಣ್ಣು ಮೂರು ನಾಲ್ಕು ಮೀಟರ್ ಮುಂದೆ ಇರಲಿ. ರಸ್ತೆ ಬದಿಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹರಳು ಕಾಲಡಿ ಉರುಳುತ್ತದೆ. ಪಾಚಿ ಕಟ್ಟಿದ ಮುರಕಲ್ಲು ಇನ್ನೂ ಅಪಾಯ, ಮಳೆ ಬಂದ ದಿನ ಅಲ್ಲಿ ಇಳಿತದ ಅಭ್ಯಾಸ ಬೇಡವೇ ಬೇಡ.

ಮನೆಯ ಮೆಟ್ಟಿಲಿನಲ್ಲಿ ವಾರಕ್ಕೆರಡು ಸಲ ಹತ್ತಿಳಿಯುವುದು, ಹಿಮ್ಮಡಿ ಎತ್ತಿ ನಿಲ್ಲುವುದು ಮಾಡಿ. ಜಿಮ್ ಬೇಕಿಲ್ಲ.

ಶೂ ಹೊಸತಾದರೆ ಓಟಕ್ಕೆ ತಿಂಗಳ ಮೊದಲೇ ತನ್ನಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ, ಉಗುರು ಕತ್ತರಿಸಿರಲಿ, ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಇಳಿತದಲ್ಲಿ ಬೆರಳು ಶೂಗೆ ಬಡಿದು ಉಗುರು ಕಪ್ಪಾಗುತ್ತದೆ. ಕೊನೆಯ ಎರಡು ವಾರ ದೂರ ಇಳಿಸುತ್ತಾ ಬನ್ನಿ.

ಬೆವರು, ನೀರು, ಬೆಲ್ಲ

ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬರೀ ನೀರು ಹೊಟ್ಟೆ ತುಂಬ ಕುಡಿದರೆ ರಕ್ತದ ಉಪ್ಪಿನ ಅಂಶ ತೆಳುವಾಗಿ ಅದೂ ಅಪಾಯವೇ. ಬಾಯಾರಿದಾಗ ನಾಲ್ಕಾರು ಗುಟುಕು ಸಾಕು, ಜೊತೆಗೆ ಉಪ್ಪು ಬೇಕು. ಓಆರ್‌ಎಸ್ ಒಳ್ಳೆಯದು. ಬೊಂಡ (ಎಳನೀರು) ಓಟದ ನಂತರಕ್ಕೆ ಚೆನ್ನ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಒಂದು ಚಿಟಿಕೆ ಉಪ್ಪು ಸೇರಿಸಿ.

ಬಂದವರಿಗೆ ನೀರು ಬೆಲ್ಲ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿ ಇದೆ ಅಲ್ವಾ? ಓಟಗಾರರಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಇಲ್ಲ. ಎರಡು ಗಂಟೆಯ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಬೆಲ್ಲದ ತುಂಡು, ಕದಳಿ ಹಣ್ಣು ಆ ಕೆಲಸ ಮಾಡುತ್ತವೆ. ದಾರಿಯಲ್ಲಿ ನೆಂಟರ, ಪರಿಚಯದವರ ಮನೆ ಇದ್ದರೆ ನಾಲ್ಕೈದು ಕಿಲೋಮೀಟರಿಗೊಂದರಂತೆ ಮೊದಲೇ ಹೇಳಿಡಿ: ಗೇಟಿನ ಹತ್ತಿರ ಒಂದು ತಂಬಿಗೆ ನೀರು, ಬೆಲ್ಲ, ಉಪ್ಪು. ನಾಯಿ ಕಟ್ಟಿ ಹಾಕಲೂ ಹೇಳಿ. ಹುಟ್ಟೂರಿನಲ್ಲಿ ಓಡುವುದರ ದೊಡ್ಡ ಲಾಭ ಇದೇ. ತಿನ್ನುವುದು ಏನೇ ಇದ್ದರೂ ಉದ್ದದ ಓಟದ ದಿನ ತಿಂದು ನೋಡಿದ್ದೇ ಆಗಿರಲಿ.

ಓಟದ ದಿನ

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಹೆಚ್ಚು ಕಡಿಮೆ ಏಳು ಗಂಟೆ. ಆರಕ್ಕೆ ಮೊದಲೇ ಹೊರಟರೆ ಬಿಸಿಲೇರುವ ಹೊತ್ತಿಗೆ ಮುಗಿಸಬಹುದು. ಕತ್ತಲಲ್ಲಿ ತಲೆಗೆ ಟಾರ್ಚ್, ಮೈಮೇಲೆ ಮಿನುಗುವ ಪಟ್ಟಿ ಇರಲಿ. ಎರಡು ಗಂಟೆ ಮೊದಲು ಅವಲಕ್ಕಿಯೋ ಎರಡು ನೀರುದೋಸೆಯೋ ತಿನ್ನಿ.

ಗಡಿಯಾರ ನೋಡಿ ಓಡಬೇಡಿ. ಸಮತಟ್ಟಿನಲ್ಲಿ ಕಿಲೋಮೀಟರಿಗೆ 7 ನಿಮಿಷದಂತೆ ಓಡಿದರೆ 2 ಗಂಟೆ 28 ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಏರಿನಲ್ಲಿ ಕಳೆದ ಹೊತ್ತು ಇಳಿತದಲ್ಲಿ ಪೂರ್ತಿ ವಾಪಸ್ ಸಿಗುವುದಿಲ್ಲ. ಉಸಿರನ್ನೇ ನಂಬಿ. ಏರಿನಲ್ಲೂ ಒಂದು ಪುಟ್ಟ ವಾಕ್ಯ ಆಡಲು ಬಂದರೆ ವೇಗ ಸರಿ. ಬಾರದಿದ್ದರೆ ನಡೆಯಿರಿ. ಕಡಿದಾದ ಕಡೆ ಬಿರುಸಾಗಿ ನಡೆಯುವುದಕ್ಕೂ ಏದುಸಿರು ಬಿಟ್ಟು ಓಡುವುದಕ್ಕೂ ಸಮಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಊರವರು ಕಟ್ಟೆಯಲ್ಲಿ ಕೂತು ಕೂಗುತ್ತಾರೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಹುರಿದುಂಬಿಸುತ್ತಾರೆ. ಶಾಲೆಯ ಹತ್ತಿರ, ನಮ್ಮ ಮನೆಯ ಹತ್ತಿರ ಕಾಲು ತಾನಾಗಿ ಜೋರಾಗುತ್ತದೆ. ಕೈ ಎತ್ತಿ ನಕ್ಕು ಮುಂದೆ ಹೋಗಿ, ವೇಗ ಮಾತ್ರ ಅಷ್ಟೇ ಇರಲಿ. ತಲೆ ತಿರುಗಿದರೆ, ಮಾತು ತೊದಲಿದರೆ, ಬಿಸಿಲಲ್ಲೂ ಚಳಿ ಎನಿಸಿದರೆ ತಕ್ಷಣ ನಿಲ್ಲಿ. ನೆರಳಿಗೆ ಬಂದು ಮೈಮೇಲೆ ನೀರು ಸುರಿಸಿಕೊಳ್ಳಿ, ಯಾರನ್ನಾದರೂ ಕರೆಯಿರಿ. ಎದೆ ನೋವಾದರೆ ನೇರ ಆಸ್ಪತ್ರೆಗೆ.

ಮುಗಿಸಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಒಂದು ಗಂಟೆಯೊಳಗೆ ಹೊಟ್ಟೆಗೆ ಗಂಜಿ, ಹೆಸರುಕಾಳಿನ ಪಲ್ಯ ಬೀಳಲಿ. ತೊಡೆ ನೋವು ಜಾಸ್ತಿಯಾಗುವುದು ಸಾಮಾನ್ಯವಾಗಿ ಎರಡನೇ ದಿನ, ಗಾಬರಿ ಬೇಡ. ನಾಲ್ಕೈದು ದಿನ ನಡಿಗೆ ಮಾತ್ರ ಸಾಕು. ಮುಂದಿನ ವಾರ ಸಮತಟ್ಟಿನಲ್ಲಿ ಸಲೀಸಾಗಿ ಓಡಬಹುದು. ಏರಿಗೆ ಎರಡು ವಾರ ಬಿಡಿ, ಇಳಿತಕ್ಕೆ ಇನ್ನೂ ಒಂದು ವಾರ.